ಮಿಂಟಿ ಗೇಹಾರ್ಟ್ ಕೊಟ್ಟ ಸಾಲು

ಸ್ಪೈಸ್‌ವುಡ್ ಹಳ್ಳದ ಸಭೆಯಲ್ಲಿ ವಾದ್ಯಕ್ಕೆ ಎಡೆಯಿರಲಿಲ್ಲ. ಪಿಯಾನೊ ಇಲ್ಲ, ಆರ್ಗನ್ ಇಲ್ಲ, ಶ್ರುತಿ ಹಿಡಿಯಲು ಒಂದು ತಂತಿಯೂ ಇಲ್ಲ. ದೇವರು ಮನುಷ್ಯನ ಕೊರಳಿನಲ್ಲಿ ಇಟ್ಟಿರುವುದೇ ಅವನ ಸ್ತುತಿಗೆ ಸಾಕೆಂಬುದು ಕೆಂಟಕಿಯ ಆ ಬೆಟ್ಟಗಳಲ್ಲಿ ನೆಲೆಸಿದ ಹಳೆಯ ಕಟ್ಟಳೆಯ ಬ್ಯಾಪ್ಟಿಸ್ಟರ ನಂಬಿಕೆ. ಸಭೆಯ ಹಿರಿಯನೊಬ್ಬನು ಎದ್ದು ನಿಂತು, ಸ್ವರದ ಗುರುತಿಲ್ಲದ, ಬರಿಯ ಪದಗಳ ಪುಟ್ಟ ಪುಸ್ತಕವನ್ನು ಅಂಗೈಯಲ್ಲಿ ಹಿಡಿದು, ಕೀರ್ತನೆಯ ಒಂದು ಸಾಲನ್ನು ಅವಸರದಲ್ಲಿ ರಾಗವಾಗಿ ಹೇಳುವನು. ಇದಕ್ಕೆ ಸಾಲು ಕೊಡುವುದೆಂದು ಹೆಸರು. ಕೊಟ್ಟ ಸಾಲನ್ನು ನೆರೆದವರೆಲ್ಲ ಎತ್ತಿಕೊಂಡು, ಒಂದೊಂದು ಪದವನ್ನೂ ಎಳೆದು, ತಮ್ಮ ತಮ್ಮ ದುಃಖಕ್ಕೆ ತಕ್ಕಂತೆ ಬಾಗಿಸಿ, ಹಿಮ್ಮೇಳವಾಗಿ ಹಾಡುವರು. ಅದು ಮುಗಿದ ಮೇಲೆ ಮುಂದಿನ ಸಾಲು. ಹಾಡುವುದಕ್ಕೆ ಹೆಂಗಸರಿಗೂ ಅಧಿಕಾರವುಂಟು. ಸಾಲು ಕೊಡುವುದಕ್ಕೆ ಗಂಡಸಿಗೆ ಮಾತ್ರ.

ಆರ್ಮಿಂಟಾ ಗೇಹಾರ್ಟಳ ತಂದೆ ಈ ಸಭೆಯ ಹಿರಿಯನಾಗಿದ್ದನು. ಹಸುವಿನ ಹಾಲು ಕರೆಯುತ್ತ ಮುಂದಿನ ಕೂಟದ ಕೀರ್ತನೆಗಳನ್ನು ಅಭ್ಯಾಸಮಾಡುವುದು ಅವನ ರೂಢಿ. ಊರೆಲ್ಲ ಮಿಂಟಿ ಎಂದು ಕರೆಯುತ್ತಿದ್ದ ಈ ಮಗಳು ಕೊಟ್ಟಿಗೆಯ ಗೋಡೆಗೆ ಒರಗಿ ಅದನ್ನೆಲ್ಲ ಕೇಳುವಳು. ಒಂದು ದಿನ ತಂದೆ ಕೆಮ್ಮು ಬಂದು ನಿಲ್ಲಿಸಿದಾಗ, ಮುಂದಿನ ಸಾಲು ಅವಳ ಬಾಯಿಂದ ತಾನಾಗಿ ಹೊರಟಿತು. ತಂದೆ ಹಾಲಿನ ಬಕೆಟ್ಟನ್ನು ಕೆಳಗಿಟ್ಟು ಮಗಳ ಕಡೆ ತಿರುಗಿದನು.

"ಚೆನ್ನಾಗಿ ಕೊಟ್ಟೆ ಮಗಳೇ," ಎಂದನು. "ಇನ್ನು ಮೇಲೆ ಕೊಡಬೇಡ."

ಅವಳು ಕೊಡಲಿಲ್ಲ. ತಂದೆ ತೀರಿಕೊಂಡ ಮೇಲೂ ಕೊಡಲಿಲ್ಲ. ಹೋಬರ್ಟನನ್ನು ಮದುವೆಯಾಗಿ, ಹೊಳೆಯಲ್ಲಿ ಮುಳುಗಿ ದೀಕ್ಷೆ ಪಡೆದು, ಸಭೆಯ ಹೆಂಗಸರ ಸಾಲಿನಲ್ಲಿ ಕುಳಿತು ಹಿಮ್ಮೇಳದಲ್ಲಿ ಹಾಡಿಕೊಂಡಿದ್ದಳು. ಹೋಬರ್ಟ್ ಕಲ್ಲಿದ್ದಲ ಗಣಿಯವನು. ಹಿಮ್ಮೇಳದಲ್ಲಿ ಅವನ ದನಿ ಎಲ್ಲರಿಗಿಂತ ತಗ್ಗಿನಲ್ಲಿ, ಎಲ್ಲರಿಗಿಂತ ತಡವಾಗಿ ಬರುತ್ತಿತ್ತು. ಉಳಿದವರು ಸಾಲನ್ನು ಮುಗಿಸಿ ಉಸಿರೆಳೆದುಕೊಳ್ಳುವಾಗಲೂ ಅವನ ಕೊನೆಯ ಅಕ್ಷರ ಗಾಳಿಯಲ್ಲಿ ನಿಂತಿರುತ್ತಿತ್ತು. "ಹೋಬರ್ಟ್, ನಿನ್ನ ದನಿ ಇನ್ನೂ ಗಣಿಯಿಂದ ಮೇಲಕ್ಕೆ ಹತ್ತುತಾ ಇದೆ ಕಣೋ, ಬರೋವರೆಗೂ ಕಾಯ್ತೀವಿ" ಎಂದು ಗೆಳೆಯರು ನಗುತ್ತಿದ್ದರು. ಒಂದು ಮಾರ್ಚ್ ತಿಂಗಳ ಮಧ್ಯಾಹ್ನ ಗಣಿಯ ಮಾಡಿನ ಕಲ್ಲು ಕಳಚಿ ಅವನ ಮೇಲೆ ಬಿದ್ದಿತು. ಮನೆಗೆ ಬಂದ ಪೆಟ್ಟಿಗೆಯ ಮುಚ್ಚಳವನ್ನು ತೆರೆದು ನೋಡಲು ಅವಳಿಗೆ ಯಾರೂ ಬಿಡಲಿಲ್ಲ.

ಆ ವರ್ಷವೇ ಮಿಂಟಿ ಅಡುಗೆಮನೆಯಲ್ಲಿ, ಒಲೆಯ ಮುಂದೆ, ಸಾಲು ಕೊಡತೊಡಗಿದಳು. ಸಾಲು ಕೊಟ್ಟು ಸುಮ್ಮನಾಗುವಳು. ತುಂಬಿದ ಸಭೆಯೊಂದು ಆ ಸಾಲನ್ನು ಹಾಡಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಕೈಯಲ್ಲಿ ಸೌಟು ಹಿಡಿದು ನಿಂತಿರುವಳು; ಬಳಿಕ ಮುಂದಿನದನ್ನು ಕೊಡುವಳು. ಆ ಬಿಡುವಿನಲ್ಲಿ ಒಳಗಿವಿಗೆ ಏನೋ ಕೇಳಿಸುತ್ತಿತ್ತು. ಎಲ್ಲರೂ ಮುಗಿಸಿದ ಮೇಲೂ ನಿಲ್ಲುವ ಒಂದು ತಗ್ಗಿನ ದನಿ ಕೇಳಿಸುತ್ತಿತ್ತು. ಮನೆಯೊಳಗೆ ಒಬ್ಬಳೇ ಹಾಡಿಕೊಂಡದ್ದನ್ನು ಸಾಲು ಕೊಡುವುದೆಂದು ಕರೆಯಲಾಗದೆಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು.

ಮನೆಯಲ್ಲಿ ಅವಳು ಒಬ್ಬಳೇ ಇರಲಿಲ್ಲ. ತಂಗಿ ರೂಬಿ ಸತ್ತ ಮೇಲೆ ಅವಳ ಮಗ ಲೋವೆಲನನ್ನು ಮಿಂಟಿಯೇ ಸಾಕಿದಳು. ಹುಡುಗ ಬೆಳೆದು ಗಿಟಾರು ಹಿಡಿದನು. ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲವದು. ಅಜ್ಜಂದಿರ ಕಂಟ್ರಿ ಎಂಬ ಹಳ್ಳಿಹಾಡುಗಳ ಧಾಟಿಗೆ ತನ್ನ ವಯಸ್ಸಿನವರ ಸಿಟ್ಟನ್ನೂ ವಿದ್ಯುತ್ ಗಿಟಾರಿನ ಕರ್ಕಶ ದನಿಯನ್ನೂ ಬೆರೆಸಿ, ಮುಚ್ಚಿದ ಅಂಗಡಿಗಳನ್ನೂ ತುಕ್ಕು ಹಿಡಿದ ಟ್ರಕ್ಕುಗಳನ್ನೂ ಕುರಿತು ಲೋವೆಲ್ ಹಾಡು ಕಟ್ಟಿದನು. ಗಣಿಯ ರಾತ್ರಿ ಪಾಳಿಗೆ ಗಣಿಗಾರರು ಇಟ್ಟಿದ್ದ ಅಡ್ಡಹೆಸರನ್ನೇ ತನ್ನ ತಂಡಕ್ಕೂ ಇಟ್ಟನು: ಹೂಟ್ ಔಲ್. ರಾತ್ರಿಯೆಲ್ಲ ಎಚ್ಚರವಿರುವ ಗೂಗೆ. ೧೯೯೩ರ ನವೆಂಬರಿನಲ್ಲಿ ಆ ತಂಡ ತನ್ನ ಮೊದಲ ಆಲ್ಬಮ್ಮನ್ನು ಧ್ವನಿಮುದ್ರಿಸಲು ಹೊರಟಿತು.

"ದೊಡ್ಡಮ್ಮ, ಆಲ್ಬಮ್ ಕೊನೇಲಿ ನಿನ್ನ ದನಿ ಇರಬೇಕು," ಎಂದನು ಲೋವೆಲ್, ಅವಳು ಇಳಿಸಿದ ಮುಸುಕಿನ ಜೋಳದ ರೊಟ್ಟಿಯನ್ನು ಬಿಸಿಬಿಸಿಯಾಗಿ ಮುರಿಯುತ್ತ.

"ನನ್ನ ದನಿನಾ? ನಿಮ್ಮ ಡ್ರಮ್ಮಿನ ಗಲಾಟೇಲಿ ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕ ಹಾಗೆ ಕೇಳ್ಸತ್ತೆ ಅಷ್ಟೆ."

"ಗಲಾಟೆ ಏನೂ ಇರಲ್ಲ. ನೀನು ಒಲೆ ಮುಂದೆ ಹಾಡ್ಕೋತೀಯಲ್ಲ, ಹಾಗೇ."

ಮಿಂಟಿಯ ಕೈ ನಿಂತಿತು. "ನೀನು ಕೇಳಿದೀಯಾ ಅದನ್ನ?"

"ಚಿಕ್ಕಂದಿನಿಂದ ಕೇಳ್ತಾನೇ ಇದೀನಿ. ನಡುವೆ ಸುಮ್ಮನಾಗಿಬಿಡ್ತೀಯಲ್ಲ, ಆಗ ನಂಗೆ ಹೆದರಿಕೆ. ಹೊದಿಕೆ ಮುಸುಕು ಹಾಕ್ಕೊಂಡು, ಇನ್ನೊಂದು ಸಾಲು ಬರೋವರೆಗೂ ಉಸಿರು ಬಿಗಿ ಹಿಡ್ಕೊಂಡಿರ್ತಿದ್ದೆ."

ತನ್ನ ಗುಟ್ಟಿಗೆ ಇಷ್ಟು ವರ್ಷ ಒಬ್ಬ ಸಾಕ್ಷಿಯಿದ್ದನೆಂಬುದು ಅವಳನ್ನು ಮೆತ್ತಗೆ ಮಾಡಿತೋ ಏನೋ. ಬೇಡವೆನ್ನಬೇಕಾದವಳು ಷರತ್ತು ಹಾಕಿದಳು. "ನನ್ನ ದನಿ ಮೇಲೆ ಒಂದು ತಂತೀನೂ ಬೀಳಬಾರದು. ಗಿಟಾರು, ಪಿಟೀಲು, ಯಾವುದೂ ಇಲ್ಲ. ಆಣೆಗೀಣೆ ಇಡಬೇಡ, ನಮ್ಮಲ್ಲಿ ಆಣೆ ಇಡಲ್ಲ. ಹೂಂ ಅನ್ನು, ಸಾಕು."

"ಹೂಂ," ಎಂದನು ಲೋವೆಲ್.

ಹಾಳುಬಿದ್ದ ಗಣಿ ಕಂಪನಿಯ ಅಂಗಡಿಯೇ ಅವರ ಸ್ಟುಡಿಯೊ. ಬರಿದಾದ ಕಪಾಟುಗಳಿಗೆ ಕಂಬಳಿಗಳನ್ನು ಮೊಳೆ ಹೊಡೆದು ತೂಗುಹಾಕಿದ್ದರು. ಮೂಲೆಯಲ್ಲಿ ಸ್ಟೀಲ್ ಗಿಟಾರಿನ ಹಿಂದೆ ಕ್ಲೆಟಿಸ್ ಹಿಕ್ಸ್ ಕುಳಿತಿದ್ದನು. ಆ ಎಳೆಯರ ತಂಡದಲ್ಲಿ ನರೆತ ತಲೆ ಅವನೊಬ್ಬನದೇ. ಮಲಗಿಸಿದ ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸುತ್ತ ಆ ವಾದ್ಯವನ್ನು ಅವನು ಅಳುವಂತೆ ಮಾಡಬಲ್ಲವನಾಗಿದ್ದನು. ಸ್ಪೈಸ್‌ವುಡ್ ಸಭೆಯ ಬೆಂಚುಗಳ ಮೇಲೆಯೇ ಬೆಳೆದವನು. ಆದರೆ ಎಂದೂ ದೀಕ್ಷೆ ಪಡೆದವನಲ್ಲ. ಗಣಿಯಲ್ಲಿ ದುಡಿದು ಕಲ್ಲಿದ್ದಲ ಧೂಳು ಎದೆಗಿಳಿದು, ಹಾಡುವಷ್ಟು ಉಸಿರು ಅವನಲ್ಲಿ ಉಳಿದಿರಲಿಲ್ಲ.

ಮಿಂಟಿ ಕಣ್ಣು ಮುಚ್ಚಿ ಸಾಲು ಕೊಟ್ಟಳು. ಕತ್ತಲ ಕಣಿವೆಯಲ್ಲಿ ದಾರಿ ಕೇಳುವ ಯಾತ್ರಿಕನ ಕೀರ್ತನೆಯದು. ಕೊಟ್ಟು, ತನ್ನ ರೂಢಿಯಂತೆ ಸುಮ್ಮನಾದಳು. ಯಂತ್ರದ ಮುಂದಿದ್ದ ಪಟ್ಟಣದ ಯುವಕನು ಇವಳು ಪದ ಮರೆತಳೆಂದು ಭಾವಿಸಿ ಕೈ ಎತ್ತಿದನು. ಕ್ಲೆಟಿಸ್ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದನು: "ಅವಳೇನೂ ಮರೆತಿಲ್ಲ ಕಣೋ. ಸುಮ್ನಿರು. ಜನ ಹಾಡ್ತಾ ಇದಾರೆ."

ವಸಂತದಲ್ಲಿ ಆಲ್ಬಮ್ ಬಂದಿತು. ಲೋವೆಲ್ ಕ್ಯಾಸೆಟ್ಟೊಂದನ್ನು ಕೊಟ್ಟು, ತಂಡದ ವ್ಯಾನು ಹತ್ತಿ ಊರೂರು ತಿರುಗಲು ಹೋದನು. ಮಿಂಟಿ ಒಬ್ಬಳೇ ಕುಳಿತು ಕೇಳಿದಳು. ಮೊದಲ ಹಾಡುಗಳ ಅಬ್ಬರಕ್ಕೆ ಕಿವಿ ಮುಚ್ಚಿಕೊಂಡಳು. ಕೊನೆಯಲ್ಲಿ ತನ್ನ ದನಿ ಬಂದಿತು. ಬೋಳು ದನಿ, ಅದರ ಮೇಲೆ ಯಾವ ತಂತಿಯೂ ಇಲ್ಲ. ಸಾಲು ಮುಗಿಯಿತು. ಬಿಡುವು ಬಂದಿತು. ಆ ಬಿಡುವಿನೊಳಗಿಂದ ಸ್ಟೀಲ್ ಗಿಟಾರು ಎದ್ದಿತು.

ಅದು ಹಾಡಿಗೆ ಒತ್ತಾಸೆಯಾಗಿ ಬಂದ ವಾದ್ಯವಾಗಿರಲಿಲ್ಲ. ಸಭೆಯೇ ಎದ್ದು ಬಂದಂತಿತ್ತು. ಹಿಮ್ಮೇಳ ಎಲ್ಲಿ ಬಾಗುವುದೋ ಅಲ್ಲಿ ಬಾಗಿತು, ಹೆಂಗಸರ ದನಿ ಎಲ್ಲಿ ಒಡೆಯುವುದೋ ಅಲ್ಲಿ ಒಡೆಯಿತು. ಎಲ್ಲ ಮುಗಿಯಿತೆನ್ನುವಾಗ ಒಂದು ದಪ್ಪ ತಂತಿ ಮಾತ್ರ, ತಗ್ಗಿನಲ್ಲಿ, ಎಲ್ಲರಿಗಿಂತ ತಡವಾಗಿ, ಗಾಳಿಯಲ್ಲಿ ನಿಂತಿತು. ಬಾಲ್ಯದಲ್ಲಿ ಹೋಬರ್ಟನ ಹಿಂದಿನ ಬೆಂಚಿನಲ್ಲಿ ಕುಳಿತು ಕ್ಲೆಟಿಸ್ ಏನನ್ನು ಕೇಳಿದ್ದನೆಂಬುದು ಮಿಂಟಿಗೆ ಹೊಳೆಯಿತು. ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಲೋವೆಲನನ್ನು ಗದರಿಸಬೇಕೆಂಬ ನೆನಪೇ ಬರಲಿಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಕೇಳಿದಳು.

ಬೇಸಗೆಯಲ್ಲಿ ಓರ್ಫಾ ಸ್ಲೋನ್ ಬಂದಳು. ಸಭೆಯಲ್ಲಿ ಮಿಂಟಿಯ ಪಕ್ಕದಲ್ಲಿ ಕೂರುವವಳು. ವರ್ಷಕ್ಕೊಮ್ಮೆ ಪ್ರಭುವಿನ ಭೋಜನದ ದಿನ ಸೋದರಿಯರು ಒಬ್ಬರೊಬ್ಬರ ಪಾದ ತೊಳೆಯುವಾಗ, ಮದುವೆಯಾದ ಹೊಸದರಿಂದಲೂ ಮಿಂಟಿಯ ಪಾದ ತೊಳೆಯುತ್ತ ಬಂದವಳು. ಇಬ್ಬರೂ ಜಗಲಿಯಲ್ಲಿ ಕುಳಿತು, ಚಳಿಗಾಲಕ್ಕೆ ಒಣಗಿಸಲು ಹುರುಳಿಕಾಯಿಗಳನ್ನು ಸೂಜಿದಾರದಲ್ಲಿ ಪೋಣಿಸತೊಡಗಿದರು.

"ನಿನ್ನ ಕಾಯಿ ಈ ಸಲ ಹುಳು ತಿಂದಿದೆ," ಎಂದಳು ಓರ್ಫಾ.

"ನಿನ್ನ ಕಣ್ಣಿಗೆ ಬೇರೆಯವರ ಹುಳು ಬೇಗ ಕಾಣ್ಸತ್ತೆ."

ಓರ್ಫಾ ನಗಲಿಲ್ಲ. ದಾರಕ್ಕೆ ಗಂಟು ಹಾಕಿದಳು. "ರೇಡಿಯೋಲಿ ನಿನ್ನ ಕೇಳಿದೆ ಕಣೇ ಮಿಂಟಿ. ಪಾತ್ರೆ ತೊಳೀತಾ ಇದ್ದೆ. ಮೊದಲು ನಿನ್ನಪ್ಪ ಅನ್ಕೊಂಡೆ, ಸತ್ತೋನು ಎದ್ದು ಬಂದ ಅಂತ ಕೈ ಜಾರಿ ತಟ್ಟೆ ಬಿತ್ತು. ಆಮೇಲೆ ಆ ಗಿಟಾರು ಬಂತು." ಅವಳ ದನಿ ಕುಗ್ಗಿತು. "ನಾನು ಮೊದಲು ಒಬ್ಬಳೇ ಬಂದಿದೀನಿ. ಸುವಾರ್ತೇಲಿ ಹೇಳಿರೋ ಹಾಗೇ. ಹುಡುಗರು ನಂಗೆ ಮೋಸ ಮಾಡಿದ್ರು, ತಪ್ಪಾಯ್ತು ಅಂದುಬಿಡೇ. ಇಲ್ಲಿಗೇ ಮುಗೀಲಿ. ನಾನು ಯಾರಿಗೂ ಹೇಳಲ್ಲ."

ಸೋದರನಲ್ಲಿ ದೋಷ ಕಂಡರೆ ಮೊದಲು ಒಬ್ಬನೇ ಹೋಗಿ ಹೇಳಬೇಕು. ಕೇಳದಿದ್ದರೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು. ಸ್ಪೈಸ್‌ವುಡ್ಡಿನವರು ಈ ಮೂರು ಮೆಟ್ಟಿಲುಗಳನ್ನು ಎಂದೂ ದಾಟಿ ಹಾರಿದವರಲ್ಲ. ಮಿಂಟಿ ಮಡಿಲಿನ ಕಾಯಿಗಳನ್ನು ನೋಡುತ್ತ ಹೇಳಿದಳು: "ಹೆಂಗಸಾಗಿ ಸಾಲು ಕೊಟ್ಟೆ, ಅದು ತಪ್ಪು. ಅದನ್ನ ಒಪ್ಕೋತೀನಿ. ಹುಡುಗರು ಮೋಸ ಮಾಡ್ಲಿಲ್ಲ. ಆ ಗಿಟಾರಿಗೆ ನಂಗೆ ಪಶ್ಚಾತ್ತಾಪ ಆಗ್ಲಿಲ್ಲ ಕಣೇ, ಓರ್ಫಾ. ಅದರಲ್ಲಿ ಹೋಬರ್ಟ್ ಇದ್ದ."

"ಹೋಬರ್ಟ್ ಮಣ್ಣಲ್ಲಿದಾನೆ," ಎಂದಳು ಓರ್ಫಾ. ಅಳುತ್ತಲೇ ಎದ್ದುಹೋದಳು.

ಎರಡನೆಯ ಸಲ ಅವಳೊಡನೆ ಹಿರಿಯ ಐರಾ ಥ್ಯಾಕರ್ ಬಂದನು. ಕಠಿಣನಲ್ಲ, ಬೋಧಿಸುವಾಗ ತಾನೇ ಮೊದಲು ಕಣ್ಣೀರಿಡುವ ಮನುಷ್ಯ. ಟೋಪಿಯನ್ನು ಮೊಣಕಾಲಿನ ಮೇಲಿಟ್ಟು, "ತಂಗೀ, ಸಾಲು ಕೊಟ್ಟದ್ದನ್ನ ಸಭೆ ಒಂದೇ ನಿಮಿಷದಲ್ಲಿ ಕ್ಷಮಿಸತ್ತೆ," ಎಂದನು. "ಆದರೆ ದೇವರ ಹಾಡಿಗೆ ಜನ ಉತ್ತರ ಕೊಡಬೇಕು, ಉಸಿರಿರೋ ಜನ. ಮರದ ಡಬ್ಬಿ ಉತ್ತರ ಕೊಟ್ಟರೆ ಆಮೇಲೆ ನಮಗೇನು ಕೆಲಸ? ಅದಕ್ಕೆ ನಿಂಗೆ ಪಶ್ಚಾತ್ತಾಪ ಇದೆ ಅಂತ ಒಂದು ಮಾತು ಹೇಳು."

"ಇಲ್ಲದ್ದನ್ನ ಹೇಳಲಾ, ಐರಾ ಅಣ್ಣ?"

ಹಿರಿಯನು ಟೋಪಿ ಹಿಡಿದು ಎದ್ದನು. "ಪ್ರಾರ್ಥನೆ ಮಾಡು," ಎಂದನು. "ಪಶ್ಚಾತ್ತಾಪಾನೂ ಅವನೇ ಕೊಡ್ಬೇಕು."

ಮಿಂಟಿ ಪ್ರಾರ್ಥಿಸಿದಳು. ಕಳೆದುಕೊಳ್ಳಲಿರುವುದೇನೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಸಭೆಯ ಹೊರಗೆ ಅವಳಿಗೆ ಲೋಕವಿರಲಿಲ್ಲ. ಹಾಡಿನ ನಡುವೆ ಒಬ್ಬೊಬ್ಬರೂ ಬಂದು ಹಿಡಿಯುವ ಒರಟು ಕೈಗಳು, ಪಾದ ತೊಳೆದ ಮೇಲೆ ಓರ್ಫಾ ಕೊರಳನ್ನು ತಬ್ಬಿ ಅಳುವ ಅಳು, ಮರುಲೋಕದಲ್ಲಿ ಇವರೊಡನೆಯೇ ಇರುವೆನೆಂಬ ಭರವಸೆ. ಇವೇ ಅವಳ ಐಶ್ವರ್ಯ. ಮಂಡಿಯೂರಿ ಪಶ್ಚಾತ್ತಾಪವನ್ನು ಬೇಡಿದಳು. ಎದ್ದು ನಿಂತಾಗ ಎದೆಯಲ್ಲಿ ಪಶ್ಚಾತ್ತಾಪವಿರಲಿಲ್ಲ. ಆ ದಪ್ಪ ತಂತಿಯ ದನಿಯಿತ್ತು.

ಸುದ್ದಿ ಕೇಳಿ ಲೋವೆಲ್ ಪ್ರವಾಸವನ್ನು ಬಿಟ್ಟು ಓಡಿಬಂದನು. "ನಾನು ಮೋಸ ಮಾಡಿದೆ ಅಂತ ಹೇಳು ದೊಡ್ಡಮ್ಮ. ಬೇಕಾದ್ರೆ ನಾನೇ ಬಂದು ಅವರ ಮುಂದೆ ಹೇಳ್ತೀನಿ."

"ನೀನು ಮಾಡಿಲ್ಲವಲ್ಲೋ. ದನಿ ಮೇಲೆ ಬೀಳಬಾರದು ಅಂದೆ, ಬೀಳಲಿಲ್ಲ."

"ಸುಮ್ನೆ ತಪ್ಪಾಯ್ತು ಅಂದುಬಿಡು! ನಿನ್ನ ಮನಸ್ಸಲ್ಲಿ ಏನಿದೆ ಅಂತ ದೇವರಿಗೆ ಗೊತ್ತಿರತ್ತೆ."

"ಗೊತ್ತಿರತ್ತೆ ಅಂತಾನೇ ಕಣೋ ಹೇಳೋಕಾಗದೆ ಇರೋದು."

ಸೆಪ್ಟೆಂಬರಿನ ಶನಿವಾರ, ಸಭೆಯ ವ್ಯವಹಾರಗಳನ್ನು ನೋಡುವ ಕೂಟದಲ್ಲಿ, ಐರಾ ಥ್ಯಾಕರ್ ಎದ್ದು ಸಭೆಯಲ್ಲಿ ಎಲ್ಲರೂ ಎಲ್ಲರೊಡನೆ ಸಮಾಧಾನದಲ್ಲಿದ್ದಾರೆಯೇ ಎಂದು ಕೇಳಿದನು. ಓರ್ಫಾ ಎದ್ದು ನಿಂತಳು. ಹೇಳಬೇಕಾದುದನ್ನು ನೆಲ ನೋಡುತ್ತ ಹೇಳಿದಳು. ಬಳಿಕ ಮಿಂಟಿ ಎದ್ದಳು.

"ಸಾಲು ಕೊಟ್ಟದ್ದಕ್ಕೆ ನನ್ನನ್ನ ಕ್ಷಮಿಸಿ," ಎಂದಳು. "ನಮ್ಮಪ್ಪ ಕೊಡಬೇಡ ಅಂದಿದ್ರು. ಆ ಗಿಟಾರಿನ ಉತ್ತರಕ್ಕೆ ಮಾತ್ರ ಪಶ್ಚಾತ್ತಾಪ ಇದೆ ಅಂತ ಹೇಳಕ್ಕಾಗಲ್ಲ. ಎಷ್ಟೋ ವರ್ಷ ನಾನು ಕೂಗಿ ಕೂಗಿ ಕಾದಿದ್ದೆ. ಒಂದು ಸಲ ಉತ್ತರ ಬಂತು. ಅದು ಸೈತಾನಂದು ಅಂತ ನೀವು ಹೇಳಿದ್ರೆ, ನಾನು ಎದುರಾಡಲ್ಲ. ನಂಗೆ ಹಾಗೆ ಅನ್ನಿಸ್ಲಿಲ್ಲ, ಅಷ್ಟೆ."

"ತಂಗೀ, ಇನ್ನೊಂದು ತಿಂಗಳು ಬೇಕಾ?" ಎಂದನು ಐರಾ.

"ತಿಂಗಳಾದ್ರೂ ಇದೇ ಹೇಳ್ತೀನಿ, ಅಣ್ಣ."

ಒಬ್ಬರನ್ನು ಸಭೆಯಿಂದ ಹೊರಗಿಡುವ ತೀರ್ಮಾನಕ್ಕೆ ಎಲ್ಲರ ಒಪ್ಪಿಗೆಯೂ ಬೇಕು. ಒಬ್ಬರು ಕುಳಿತೇ ಇದ್ದರೆ ಅದು ನಿಲ್ಲದು. ಒಪ್ಪಿದವರು ಎದ್ದು ನಿಲ್ಲಬೇಕು. ಒಂದೊಂದಾಗಿ ಬೆಂಚುಗಳು ಕಿರುಗುಟ್ಟಿದವು. ಕೊನೆಗೆ ಕುಳಿತಿದ್ದವಳು ಓರ್ಫಾ ಒಬ್ಬಳೇ. ಮಿಂಟಿ ಅವಳ ಕಡೆ ತಿರುಗಿ, ಮೆಲ್ಲನೆ, "ಏಳೇ ಓರ್ಫಾ. ನಿಂತ್ಕೋ. ನನ್ನಿಂದ ನಿಂಗೆ ಪಾಪ ಬೇಡ," ಎಂದಳು. ಓರ್ಫಾ ಮುಂದಿನ ಬೆಂಚನ್ನು ಹಿಡಿದುಕೊಂಡು ಎದ್ದು ನಿಂತಳು.

ಅಂದಿನಿಂದ ಮಿಂಟಿ ಬಾಗಿಲ ಬಳಿಯ ಹಿಂದಿನ ಬೆಂಚಿನಲ್ಲಿ, ದೀಕ್ಷೆಯಿಲ್ಲದವರ ನಡುವೆ ಕೂತಳು. ಅವಳಿಗೆ ಬರಬೇಡವೆಂದು ಯಾರೂ ಹೇಳಲಿಲ್ಲ. ಕೈ ಹಿಡಿಯುವ ಹೊತ್ತಿನಲ್ಲಿ ಕೈಗಳು ಮುಂದಿನ ಸಾಲುಗಳಲ್ಲೇ ನಿಂತುಹೋಗುತ್ತಿದ್ದವು. ಪಾದ ತೊಳೆಯುವ ದಿನ ಓರ್ಫಾ ಇನ್ನೊಬ್ಬಳ ಮುಂದೆ ಮಂಡಿಯೂರಿದಳು. ಅವಳ ಸೊಂಟಕ್ಕೆ ಕಟ್ಟಿದ ಟವೆಲ್ಲಿನ ಗಂಟನ್ನು ಮಿಂಟಿ ಹಿಂದಿನಿಂದ ನೋಡುತ್ತ ಕುಳಿತಿದ್ದಳು. ಪ್ರತಿ ಕೂಟದ ಕೊನೆಗೂ ಐರಾ, "ಮನೆಗೆ ಮರಳಬೇಕು ಅನ್ನೋರು ಯಾರಾದ್ರೂ ಇದೀರಾ?" ಎಂದು ಕೇಳಿ, ಹಿಂದಿನ ಬೆಂಚನ್ನು ನೋಡುವನು. ಅವಳು ಏಳುತ್ತಿರಲಿಲ್ಲ.

ಅವಳು ಯಾವುದಕ್ಕಾಗಿ ಇಷ್ಟನ್ನು ತೆತ್ತಳೋ ಆ ಆಲ್ಬಮ್ಮನ್ನು ಲೋಕ ಕೇಳಲಿಲ್ಲ. ಪಟ್ಟಣದ ಪತ್ರಿಕೆಗಳಲ್ಲಿ ಒಂದೆರಡು ಹೊಗಳಿಕೆಯ ಮಾತು ಬಂದವು. ಒಬ್ಬನು ಕೊನೆಯ ಹಾಡನ್ನು ಹಳೆಯ ಗ್ರಾಮಫೋನ್ ತಟ್ಟೆಯೊಂದರಿಂದ ಎತ್ತಿಕೊಂಡದ್ದಿರಬೇಕೆಂದು ಬರೆದನು. ಎರಡನೆಯ ಆಲ್ಬಮ್ಮಿಗೆ ಮುನ್ನವೇ ಹೂಟ್ ಔಲ್ ಚೆದುರಿಹೋಯಿತು. ಲೋವೆಲ್ ಗಿಟಾರನ್ನು ಮಾರಿ ಕಲ್ಲಿದ್ದಲ ಟ್ರಕ್ಕು ಓಡಿಸತೊಡಗಿದನು. ಕ್ಲೆಟಿಸ್ ಹಿಕ್ಸ್ ಆಮ್ಲಜನಕದ ಕೊಳವೆಯನ್ನು ಮೂಗಿಗೆ ಕಟ್ಟಿಕೊಂಡು ಒಂದು ವರ್ಷ ಉಸಿರಾಡಿದನು, ಆಮೇಲೆ ಉಸಿರಾಡಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆದಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಒಲೆಯ ಮುಂದೆ ಸಾಲು ಕೊಟ್ಟು ಕಾಯುವಾಗ, ಬಿಡುವಿನಲ್ಲಿ ಈಗ ಕೇಳಿಸುತ್ತಿದ್ದುದು ಸ್ಟೀಲ್ ಗಿಟಾರು ಮಾತ್ರ. ಹೋಬರ್ಟನ ಸ್ವಂತ ದನಿ, ಕೊರಳಿನ ದನಿ, ಎಷ್ಟು ಕಾದರೂ ಹಿಂತಿರುಗಲಿಲ್ಲ. ತಂತಿ ಅದರ ಜಾಗದಲ್ಲಿ ಕುಳಿತುಬಿಟ್ಟಿತ್ತು. ಹೀಗಾದ ಮೇಲಾದರೂ ಪಶ್ಚಾತ್ತಾಪ ಬರಬೇಕಾಗಿತ್ತು. ಬಂದದ್ದು ದುಃಖ, ಪಶ್ಚಾತ್ತಾಪವಲ್ಲ. ಎರಡರ ನಡುವಣ ಅಂತರವನ್ನು ಅವಳು ಬಲ್ಲವಳಾಗಿದ್ದಳು.

೧೯೯೭ರ ಚಳಿಗಾಲದಲ್ಲಿ ಅವಳ ಹೊಟ್ಟೆಯಲ್ಲಿ ಗಂಟೊಂದು ಬೆಳೆದು, ವೈದ್ಯರು ಕೈಚೆಲ್ಲಿ ಮನೆಗೆ ಕಳುಹಿಸಿದರು. ಒಂದು ಮಧ್ಯಾಹ್ನ ಐರಾ ಥ್ಯಾಕರನೂ ಓರ್ಫಾಳೂ ಹಿಮದಲ್ಲಿ ನಡೆದು ಬಂದರು. ಲೋವೆಲ್ ಕುರ್ಚಿಗಳನ್ನು ಮಂಚದ ಪಕ್ಕಕ್ಕೆ ಎಳೆದು ಹಾಕಿದನು.

"ಎಷ್ಟು ಸಣ್ಣಗಾಗಿದೀಯೇ," ಎಂದಳು ಓರ್ಫಾ.

"ಮದುವೆ ಉಡುಪು ಈಗ ಸರಿಹೋಗತ್ತೆ. ತೆಗೆದಿಡು ಅಂತ ಲೋವೆಲ್‌ಗೆ ಹೇಳಿದೀನಿ."

ಐರಾ ಮುಂದಕ್ಕೆ ಬಾಗಿದನು. "ತಂಗೀ, ಸಭೆ ನನಗೆ ಅಧಿಕಾರ ಕೊಟ್ಟು ಕಳಿಸಿದೆ. ಒಂದು ಮಾತು ಸಾಕು. ಎದ್ದು ಕೂರೋದೂ ಬೇಡ. ಇಲ್ಲೇ ನಿನ್ನ ಕೈ ಹಿಡೀತೀನಿ, ನೀನು ನಮ್ಮವಳಾಗಿ ಹೋಗ್ತೀಯ."

ಮಿಂಟಿ ಅವನ ಕೈಯನ್ನು ನೋಡಿದಳು. ಅದು ಹೊದಿಕೆಯ ಮೇಲೆ, ಅವಳ ಕೈಗೆ ಸಮೀಪದಲ್ಲಿ, ತೆರೆದೇ ಇತ್ತು.

"ಮೊದಲು ಹಾಡಿ," ಎಂದಳು. "ಆ ಯಾತ್ರಿಕನ ಕೀರ್ತನೆ. ನೀವು ಸಾಲು ಕೊಡಿ, ಅಣ್ಣ."

ಐರಾ ಪುಸ್ತಕ ತೆರೆಯದೆ ಸಾಲು ಕೊಟ್ಟನು. ಓರ್ಫಾ ಎತ್ತಿಕೊಂಡಳು, ಒಬ್ಬಳೇ, ಒಡೆದ ದನಿಯಲ್ಲಿ, ಒಂದೊಂದು ಪದವನ್ನೂ ಎಳೆದು. ಎರಡನೆಯ ಸಾಲಿಗೆ ಅವಳ ಉಸಿರು ಸಾಲದಾಯಿತು. ಹಿಂದೆ ನಿಂತಿದ್ದ ಲೋವೆಲ್, ದೀಕ್ಷೆಯಿಲ್ಲದ ಲೋವೆಲ್, ತಲೆ ತಗ್ಗಿಸಿ ಅವಳೊಡನೆ ಸೇರಿಕೊಂಡನು. ಹಿರಿಯನು ತಡೆಯಲಿಲ್ಲ. ಮಿಂಟಿಯ ತುಟಿ ಅಲುಗಲಿಲ್ಲ, ಅವಳು ಕೇಳುತ್ತಿದ್ದಳು. ಕೀರ್ತನೆ ಮುಗಿಯಿತು.

"ಚೆನ್ನಾಗಿತ್ತು, ಅಣ್ಣ," ಎಂದಳು. "ಅದೂ ಚೆನ್ನಾಗಿತ್ತು."

ಅದು ಎಂದರೆ ಆ ತಂತಿಯ ಉತ್ತರವೆಂದು ಐರಾನಿಗೆ ತಿಳಿಯಿತು. ಹೊದಿಕೆಯ ಮೇಲಿದ್ದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡು, ಟೋಪಿಯನ್ನು ಎತ್ತಿಕೊಂಡನು.

ಇಳಿಜಾರಿನ ದಾರಿಯಲ್ಲಿ ಓರ್ಫಾ ಅವನ ತೋಳನ್ನು ಕಿತ್ತುಹಾಕುವಂತೆ ಜಗ್ಗಿದಳು. "ಇನ್ನೊಂದು ಸಲ ಕೇಳಬಾರದಿತ್ತಾ? ಇನ್ನೊಂದೇ ಸಲ?"

"ಕೇಳಿದ್ರೆ ಸುಳ್ಳು ಹೇಳ್ತಿದ್ಲು ಅಂತೀಯಾ, ತಂಗಿ?"

ಓರ್ಫಾ ತೋಳನ್ನು ಬಿಟ್ಟು, ಅವನಿಗಿಂತ ಮುಂದೆ, ಹಿಮವನ್ನು ತುಳಿಯುತ್ತ ನಡೆದಳು. ಮರುದಿನ ಬೆಳಗ್ಗೆ, ಲೋವೆಲ್ ಒಲೆಗೆ ಇದ್ದಲು ಹಾಕಲು ಏಳುವ ಮೊದಲೇ, ಮಿಂಟಿ ಗೇಹಾರ್ಟ್ ಸಭೆಯ ಹೊರಗಿನವಳಾಗಿಯೇ ಸತ್ತಳು.